ಅರ್ಧ ಬೆಲೆಯ ಶಾಂಪೇನ್, ಆಟಗಾರನ ಕೈಯ ಸೋಡಾ

1900ರ ಪ್ಯಾರಿಸ್ ಮಹಾಮೇಳಕ್ಕೆ ಆರು ಅಮೆರಿಕನ್ ಶಾಂಪೇನ್‌ಗಳು ಹೋಗಿದ್ದವು, ಚಿನ್ನದ ಪದಕ ಸಿಕ್ಕಿದ್ದು ಒಂದಕ್ಕೆ ಮಾತ್ರ, ಆ ಒಂದು ನಮ್ಮದು. ಇಪ್ಪತ್ತನೆಯ ಶತಮಾನದ ಮೊದಮೊದಲ ಅಮೆರಿಕನ್ ಪತ್ರಿಕೆಗಳನ್ನು ತಿರುವಿ ಹಾಕಿದರೆ ಗ್ರೇಟ್ ವೆಸ್ಟರ್ನ್ ಶಾಂಪೇನಿನ ಜಾಹೀರಾತು ಹೀಗೆ ಎದೆ ತಟ್ಟಿಕೊಳ್ಳುತ್ತಾ ಎದುರಾಗುತ್ತದೆ. ಪದಕದ ಕಥೆ ಮುಗಿದ ಮೇಲೆ ವ್ಯಾಪಾರದ ಮಾತು: ಆಮದು ಸರಕಿನ ಅರ್ಧ ಬೆಲೆ, ಸುಂಕ ಕಟ್ಟಬೇಕಾಗಿಲ್ಲವಾದ್ದರಿಂದ ಅಗ್ಗ, ಗುಣದಲ್ಲಿ ಕಡಿಮೆಯೆಂದು ಅಗ್ಗವಲ್ಲ. ಕೊನೆಯಲ್ಲಿ ತಯಾರಕರ ವಿಳಾಸ: ಪ್ಲೆಸೆಂಟ್ ವ್ಯಾಲಿ ವೈನ್ ಕಂಪನಿ, ರೀಮ್ಸ್, ನ್ಯೂಯಾರ್ಕ್.

ರೀಮ್ಸ್ ಇರುವುದು ಫ್ರಾನ್ಸಿನಲ್ಲಿ, ಈ ಗುಳ್ಳೆ ಏಳುವ ವೈನಿಗೆ ಹೆಸರು ಕೊಟ್ಟ ಶಾಂಪೇನ್ ಸೀಮೆಯಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ಅದೆಲ್ಲಿಂದ ಬಂತು? ಕ್ಯೂಕಾ ಸರೋವರದ ದಕ್ಷಿಣ ತುದಿಯಲ್ಲಿ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿದೆ. 1860ರಲ್ಲಿ ಅಲ್ಲಿ ಶುರುವಾದ ಈ ವೈನರಿಯ ಪಕ್ಕದಲ್ಲೇ ರೀಮ್ಸ್ ಎಂಬ ಅಂಚೆ ವಿಳಾಸ ಹುಟ್ಟಿಕೊಂಡಿತ್ತು. ಫ್ರೆಂಚರಿಗಿಂತ ನಾವೇನು ಕಡಿಮೆ ಎಂಬ ಜಂಬವೂ, ಅವರ ಹೆಸರು ಹೇಳದೆ ಹೋದರೆ ನಮ್ಮನ್ನು ಯಾರು ಮೂಸುತ್ತಾರೆ ಎಂಬ ಅಳುಕೂ ಅಂಗೈಯಗಲದ ಒಂದೇ ಜಾಹೀರಾತಿನಲ್ಲಿ ಕೂತಿದ್ದವು.

ನಾನಿರುವುದು ರಾಚೆಸ್ಟರಿನಲ್ಲಿ. ಹ್ಯಾಮಂಡ್ಸ್‌ಪೋರ್ಟ್ ಇಲ್ಲಿಂದ ದೂರವೇನಲ್ಲ. ಈ ಕಡೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹಳೆಯ ಪತ್ರಿಕೆಗಳ ಜಾಹೀರಾತು ಪುಟಗಳನ್ನು ಕತ್ತರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಬ್ಬಿಗಳಲ್ಲಿ ನಿಲ್ಲಿಸಿಟ್ಟು ಮಾರುತ್ತಾರೆ. ಕಾರು, ಸಿಗರೇಟು, ರೆಫ್ರಿಜರೇಟರ್, ಸೋಪು ಎಂದು ವಿಂಗಡಿಸಿರುತ್ತಾರೆ. ನಾನು ಕೈ ಹಾಕುವುದು ವೈನಿನ ಡಬ್ಬಿಗೆ. ಕುಡಿಯುವ ಚಟಕ್ಕಲ್ಲ; ಹೊಸ ವರ್ಷಕ್ಕೆ ಅರ್ಧ ಗ್ಲಾಸು ಹಿಡಿದು ನಿಲ್ಲುವುದರಲ್ಲೇ ನನ್ನ ಕುಡಿತ ಮುಗಿಯುತ್ತದೆ. ವೈನೂ ಹೆಂಡವೇ, ಶಾಂಪೇನ್ ಎಂದರೆ ಶ್ರೀಮಂತರ ಹೆಂಡ ಎಂದು ನಂಬಿದ ಮನೆಯಲ್ಲಿ ಬೆಳೆದವನಿಗೆ ಮದ್ಯವನ್ನು ಮಾರುವವನು ಅಷ್ಟು ರಾಜಾರೋಷವಾಗಿ, ಅಷ್ಟೊಂದು ವಿವರ ಕೊಟ್ಟು ಮಾತಾಡುವುದೇ ಸೋಜಿಗ.

ಆ ಹಾಳೆಗಳನ್ನು ನೋಡುತ್ತಾ ನನ್ನಲ್ಲಿ ಒಂದು ಅಭಿಪ್ರಾಯ ಬಲಿತಿದೆ. ಊರಿನ ಗೆಳೆಯರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಭಾರತದಲ್ಲಿ ಮದ್ಯದ ಜಾಹೀರಾತನ್ನು ನಿಷೇಧಿಸಿದ್ದರಿಂದ ಆಮಿಷ ಎಲ್ಲಿಯೂ ಹೋಗಲಿಲ್ಲ, ಮಾಹಿತಿಯಷ್ಟೇ ಹೋಯಿತು. ಅಮೆರಿಕದ ಈ ಹಳೆಯ ಜಾಹೀರಾತುಗಳಲ್ಲಿ ಡಂಭವಿತ್ತು, ಎರವಲು ವಿಳಾಸವಿತ್ತು, ಅರ್ಧಸತ್ಯವಿತ್ತು. ಆದರೂ ಸೀಸೆಯಲ್ಲಿರುವುದು ಏನು, ಎಲ್ಲಿಯದು, ಯಾಕೆ ಈ ಬೆಲೆ ಎಂದು ಓದುಗನ ಮುಂದೆ ವಾದಿಸಲೇಬೇಕಾದ ಒತ್ತಾಯ ಮಾರುವವನಿಗಿತ್ತು. ನಮ್ಮಲ್ಲಿ ಆ ಒತ್ತಾಯವಿಲ್ಲ. ಬಾಯಿಗೆ ಬೀಗ ಹಾಕಿದ್ದೇವೆ, ಕಣ್ಣು ಹೊಡೆಯಲು ಬಿಟ್ಟಿದ್ದೇವೆ.

ಈ ವಾದ ಅಮೆರಿಕದಲ್ಲಿ ಶುರುವಾದದ್ದು ಗ್ರೇಟ್ ವೆಸ್ಟರ್ನ್‌ಗಿಂತಲೂ ಮೊದಲು. ಸಿನ್ಸಿನಾಟಿಯ ನಿಕೊಲಸ್ ಲಾಂಗ್‌ವರ್ತ್ ವಕೀಲಿಕೆಯಿಂದ, ಜಮೀನು ವ್ಯಾಪಾರದಿಂದ ಹಣ ಮಾಡಿದವನು. ಒಹಾಯೊ ನದಿಯ ದಂಡೆಯ ಇಳಿಜಾರುಗಳಲ್ಲಿ ಕಟಾಬಾ ಎಂಬ ಅಮೆರಿಕನ್ ದ್ರಾಕ್ಷಿ ಬೆಳೆಸಿ, 1840ರ ದಶಕದಲ್ಲಿ ಅದರಿಂದ ಗುಳ್ಳೆ ಏಳುವ ವೈನ್ ತೆಗೆದ. ಸೀಸೆಯೊಳಗೆ ಎರಡನೆಯ ಸಲ ಹುದುಗುವಾಗ ಒತ್ತಡ ತಾಳದೆ ಸೀಸೆಗಳು ರಾಶಿ ರಾಶಿಯಾಗಿ ಸಿಡಿದವು, ನಷ್ಟವಾಯಿತು, ಅವನು ಬಿಡಲಿಲ್ಲ. ಉಳಿದ ಸೀಸೆಗಳಲ್ಲಿ ಕೆಲವನ್ನು ಕವಿ ಲಾಂಗ್‌ಫೆಲೋಗೆ ಕಳಿಸಿದ. ಕವಿ 1854ರಲ್ಲಿ ಕಟಾಬಾ ವೈನನ್ನು ಹೊಗಳಿ ಪದ್ಯವನ್ನೇ ಬರೆದ. ಹಡಗಿನಲ್ಲಿ ಬರುವ ಐರೋಪ್ಯ ವೈನೆಲ್ಲ ಮದ್ದು ಬೆರೆಸಿದ್ದು ಎಂದು ಬೈದೂ ಬೈದ. ಒಂದು ಪೆಟ್ಟಿಗೆ ಸೀಸೆಗೆ ಇಷ್ಟು ಲಾಭದ ಜಾಹೀರಾತು ಇನ್ನಾರಿಗೂ ಸಿಕ್ಕಿರಲಾರದು. ಬಳ್ಳಿಗಳಿಗೆ ರೋಗ ಬಡಿದು ಲಾಂಗ್‌ವರ್ತನ ತೋಟಗಳು ಹಾಳಾದವು. ಕೆಲಸ ಬಲ್ಲವರಲ್ಲಿ ಕೆಲವರು ಹ್ಯಾಮಂಡ್ಸ್‌ಪೋರ್ಟ್ ಕಡೆಗೆ ಬಂದರು.

ಈಗ ನಮ್ಮ ಸೀಮೆಗೂ ಈ ಕಥೆಗೂ ನಡುವೆ ಇರುವ ನಂಟಿನ ವಿಷಯ. 1829ರಲ್ಲಿ ವಿಲಿಯಂ ಬೋಸ್ಟ್‌ವಿಕ್ ಎಂಬ ಪಾದ್ರಿ ಹ್ಯಾಮಂಡ್ಸ್‌ಪೋರ್ಟ್‌ನಲ್ಲಿ ಮೊದಲು ನೆಟ್ಟದ್ದು ಕಟಾಬಾ ಮತ್ತು ಇಸಬೆಲ್ಲಾ ಬಳ್ಳಿಗಳನ್ನು. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಚಪ್ಪರಗಳಲ್ಲಿ ತೂಗುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಈ ಇಸಬೆಲ್ಲಾದ್ದೇ ಕುಲವೆಂದು ತಳಿ ಬಲ್ಲವರು ಗುರುತಿಸುತ್ತಾರೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರ ನನ್ನ ಸೋದರಮಾವನ ತೋಟವಿದೆ. ಅವರು ದಿಲ್‌ಖುಷ್ ಒಂದಿಷ್ಟು, ಬ್ಲೂ ಹೆಚ್ಚು ಬೆಳೆಯುತ್ತಾರೆ. ಬ್ಲೂ ಹಣ್ಣನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಬಾಯಿಗೆ ಜಾರುತ್ತದೆ. ಹಣ್ಣು ಗಾಡಿಗೆ ತುಂಬುವ ಹೊತ್ತಿಗೆ ಊರಿಗೆಲ್ಲ ಹರಡುವ ಆ ಗಾಢವಾದ ಪರಿಮಳವೂ ಮರೆಯುವಂಥದ್ದಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಕ್ಯೂಕಾ ದಂಡೆಯ ತೋಟಗಳ ನಡುವೆ ಕಾರಿನ ಕಿಟಕಿ ಇಳಿಸಿದಾಗ ಮೂಗಿಗೆ ಬಡಿಯುವುದು ಅದೇ ವಾಸನೆ.

ಆ ಪರಿಮಳವೇ ಅಮೆರಿಕನ್ ತಯಾರಕರ ತಲೆನೋವು. ಫ್ರೆಂಚ್ ಶಾಂಪೇನಿಗೆ ಬಳಸುವ ಶಾರ್ಡನೇ, ಪಿನೋ ನ್ವಾರ್ ದ್ರಾಕ್ಷಿಗಳಲ್ಲಿ ಅದಿಲ್ಲ. ಕುಡಿದು ಪಳಗಿದವನಿಗೆ ಒಂದೇ ಗುಟುಕಿನಲ್ಲಿ ಇದು ಕಟಾಬಾ, ಇದು ಇಸಬೆಲ್ಲಾ ಎಂದು ತಿಳಿದುಬಿಡುತ್ತದೆ. ಹಾಗಾಗಿ ನಾನು ನೋಡಿದ ಆ ಕಾಲದ ಹಾಳೆಗಳು ಪದಕ, ಬೆಲೆ, ಸುಂಕದ ಬಗ್ಗೆ ಧಾರಾಳವಾಗಿ ಮಾತಾಡುತ್ತವೆ, ದ್ರಾಕ್ಷಿಯ ಹೆಸರು ಬಂದ ಕಡೆ ಮೌನ ತಾಳುತ್ತವೆ. ಜಾಹೀರಾತು ಸತ್ಯವನ್ನೆಲ್ಲ ಹೇಳುತ್ತಿತ್ತು ಎಂದು ನಾನು ವಾದಿಸುತ್ತಿಲ್ಲ. ಹೇಳಿದ್ದು ಅಚ್ಚಿನಲ್ಲಿ ಉಳಿಯಿತು, ಹೇಳದೆ ಬಿಟ್ಟದ್ದು ನೂರು ವರ್ಷದ ನಂತರವೂ ನನ್ನಂಥ ತಲೆಹರಟೆಯವನ ಕಣ್ಣಿಗೆ ಬೀಳುತ್ತಿದೆ. ಅಚ್ಚಾಗದ ಮಾತನ್ನು ಹಿಡಿದು ಜಗಳವಾಡುವುದು ಹೇಗೆ?

1920ರಲ್ಲಿ ಅಮೆರಿಕವೂ ಪಾನನಿಷೇಧ ತಂದಿತು. ಆಗ ನಡೆದದ್ದನ್ನು ಕೇಳಿದರೆ ನಮ್ಮವರಿಗೆ ಬಹಳ ಪರಿಚಿತವೆನಿಸುತ್ತದೆ. ಹ್ಯಾಮಂಡ್ಸ್‌ಪೋರ್ಟ್‌ನ ವೈನರಿ ಚರ್ಚಿನ ಪೂಜೆಗೆ ವೈನ್ ಮಾಡುವ ಅನುಮತಿಯ ಮೇಲೆ ಜೀವ ಹಿಡಿದುಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಮ್ಯಾಸನ್ ಔಷಧಿಯ ಲೆಕ್ಕದಲ್ಲಿ ಶಾಂಪೇನ್ ಮಾಡಲು ಪರವಾನಗಿ ಪಡೆದ. ಯಾವ ಕಾಯಿಲೆಗೆ ಶಾಂಪೇನ್ ಮದ್ದೋ ಆ ವೈದ್ಯರೇ ಬಲ್ಲರು. ಎಲ್ಲಕ್ಕಿಂತ ಚೆಂದದ್ದು ದ್ರಾಕ್ಷಿಯ ಇಟ್ಟಿಗೆ. ರಸವನ್ನು ಇಂಗಿಸಿ, ಒತ್ತಿ, ಅಚ್ಚು ಹಾಕಿ ಮಾರುತ್ತಿದ್ದರು. ಇದನ್ನು ನೀರಿನಲ್ಲಿ ಕರಗಿಸಿ ಇಷ್ಟು ದಿನ ಕತ್ತಲಲ್ಲಿಡಬೇಡಿ, ಇಟ್ಟರೆ ವೈನಾಗಿಬಿಡುತ್ತದೆ ಎಂಬ ಧಾಟಿಯ ಎಚ್ಚರಿಕೆ ಅದರ ಜೊತೆಗಿರುತ್ತಿತ್ತು. ಎಚ್ಚರಿಕೆಯೇ ಪಾಕವಿಧಾನ! ಮದ್ಯದ ಹೆಸರು ಹೊತ್ತು ಬರುವ ನಮ್ಮ ಸೋಡಾ, ನಮ್ಮ ಸಿಡಿ ಕ್ಯಾಸೆಟ್ಟು, ನಮ್ಮ ಕ್ಯಾಲೆಂಡರುಗಳ ಅಜ್ಜ ಈ ಇಟ್ಟಿಗೆ.

ಅಮೆರಿಕದವರು ಡಿಸೆಂಬರ್ 5, 1933ಕ್ಕೆ ಆ ಆಟ ಮುಗಿಸಿದರು. ಅದಾದ ಮೇಲೆ ಅವರು ಮಾಡಿದ್ದು ನನಗೆ ಹೆಚ್ಚು ಮುಖ್ಯ. ಜಾಹೀರಾತಿಗೆ ಬಾಗಿಲು ತೆರೆದರು, ಜೊತೆಗೇ ಲೇಬಲ್ಲಿನ ಮೇಲೆ ಏನು ಬರೆಯಬೇಕೆಂದು ಕಾನೂನು ಮಾಡಿದರು. ಅಮೆರಿಕದಲ್ಲಿ ಮಾಡಿದ್ದನ್ನು ಶಾಂಪೇನ್ ಎಂದು ಕರೆಯಬಹುದಿತ್ತು, ಆದರೆ ಅದರ ಪಕ್ಕದಲ್ಲೇ ಕ್ಯಾಲಿಫೋರ್ನಿಯಾ ಎಂದೋ ನ್ಯೂಯಾರ್ಕ್ ಎಂದೋ ಊರು ನಮೂದಿಸಬೇಕಿತ್ತು. ಸೀಸೆಯಲ್ಲಿ ಹುದುಗಿಸದೆ ದೊಡ್ಡ ತೊಟ್ಟಿಯಲ್ಲಿ ಹುದುಗಿಸಿದ್ದರೆ ಅದನ್ನೂ ಬರೆಯಬೇಕಿತ್ತು. ತೊಟ್ಟಿಯವರಿಗೆ ಇದು ಮುಜುಗರ; ಸೀಸೆಯವರಿಗೆ ಜಾಹೀರಾತಿನ ತಲೆಬರಹ. ಇದೇ ಸೀಸೆಯಲ್ಲಿ ಹುದುಗಿದ್ದು ಎಂಬ ಮಾತನ್ನು ಅವರು ಆನಂತರ ಎಷ್ಟು ಕಡೆ ಅಚ್ಚು ಹಾಕಿಸಿದರೆಂದರೆ, ಎಂದೂ ಕುಡಿಯದವನಿಗೂ ಅದರ ತಯಾರಿಕೆಯ ಪಾಠವಾಗಿರಬೇಕು. ಯೀಸ್ಟು ಸಕ್ಕರೆ ತಿಂದು ಅನಿಲ ಬಿಡುತ್ತದೆ, ಅನಿಲ ಹೊರಗೆ ಹೋಗಲಾರದೆ ವೈನಿನಲ್ಲೇ ಕರಗುತ್ತದೆ. ತಿಂಗಳುಗಟ್ಟಲೆ ಮಲಗಿಸಿಟ್ಟ ಸೀಸೆಗಳನ್ನು ದಿನವೂ ಒಂದಿಷ್ಟು ತಿರುಗಿಸುತ್ತಾ ತಲೆಕೆಳಗು ಮಾಡುತ್ತಾರೆ. ಗಸಿ ಕತ್ತಿನಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಹಾರಿಸಿ, ಸಿಹಿ ಸೇರಿಸಿ, ಬಿರಡೆ ಜಡಿಯುತ್ತಾರೆ. ಇಷ್ಟನ್ನು ನಾನು ಕಲಿತದ್ದು ಯಾವ ತರಗತಿಯಲ್ಲೂ ಅಲ್ಲ.

ತೆರಿಗೆಯ ವಿಷಯದಲ್ಲಿ ಅಮೆರಿಕ ಸರ್ಕಾರವೇನೂ ಉದಾರಿಯಾಗಿರಲಿಲ್ಲ. 1950ರ ದಶಕದಿಂದ 1990ರವರೆಗೆ ಸಾಮಾನ್ಯ ವೈನಿಗೆ ಗ್ಯಾಲನ್ನಿಗೆ 17 ಸೆಂಟ್ ಕೇಂದ್ರ ತೆರಿಗೆ. ಅದೇ ವೈನಿನಲ್ಲಿ ಗುಳ್ಳೆ ಎದ್ದರೆ 3 ಡಾಲರ್ 40 ಸೆಂಟ್. ಗಾಳಿಗೆ ಇಪ್ಪತ್ತು ಪಟ್ಟು ಸುಂಕ. ಹೀಗಾಗಿ ಸ್ಪಾರ್ಕ್ಲಿಂಗ್ ವೈನನ್ನು ದಿನದ ಊಟದ ಪಾನೀಯವೆಂದು ಮಾರುವುದು ಸುಲಭವಿರಲಿಲ್ಲ. ಐವತ್ತು ಅರವತ್ತರ ದಶಕದ ಬಣ್ಣದ ಪುಟಗಳಲ್ಲಿ ಮದುವೆ, ಹೊಸ ವರ್ಷ, ಥ್ಯಾಂಕ್ಸ್‌ಗಿವಿಂಗ್ ಊಟಗಳೇ ತುಂಬಿರುವುದಕ್ಕೆ ಸಂಸ್ಕೃತಿಯಷ್ಟೇ ಈ ಸುಂಕವೂ ಕಾರಣವೆಂದು ನನ್ನ ಗುಮಾನಿ.

ಆ ಪುಟಗಳಲ್ಲಿ ಹೆಂಗಸರಿದ್ದಾರೆ. ವಿಸ್ಕಿ, ಜಿನ್ ತಯಾರಕರ ಸಂಘ 1958ರವರೆಗೆ ತನ್ನ ಜಾಹೀರಾತುಗಳಲ್ಲಿ ಹೆಂಗಸರನ್ನು ತೋರಿಸಬಾರದೆಂದು ತಾನೇ ನಿಯಮ ಹಾಕಿಕೊಂಡಿತ್ತು. ರೇಡಿಯೊ, ಟಿವಿಗಳಿಂದಂತೂ 1996ರವರೆಗೆ ದೂರವೇ ಉಳಿಯಿತು. ವೈನಿನವರಿಗೆ ಆ ಕಟ್ಟುಪಾಡಿರಲಿಲ್ಲ. ಹೀಗಾಗಿ ವಿಸ್ಕಿಯ ಪುಟದಲ್ಲಿ ಗಂಡಸು, ಬೇಟೆನಾಯಿ, ಚರ್ಮದ ಕುರ್ಚಿ. ವೈನಿನ ಪುಟದಲ್ಲಿ ಗಂಡ, ಹೆಂಡತಿ, ಮೇಣದಬತ್ತಿ, ಬಿಳಿಯ ಮೇಜುಬಟ್ಟೆ. ತುಮಕೂರಿನಿಂದ ಬಂದಿದ್ದ ನಮ್ಮ ದೊಡ್ಡಮ್ಮ ಅಂಥ ಒಂದು ಹಾಳೆಯನ್ನು ನನ್ನ ಮೇಜಿನ ಮೇಲೆ ನೋಡಿದರು. "ಇದೇನೋ, ಮನೆಯ ಹೆಂಗಸಿನ ಕೈಗೇ ಲೋಟ ಕೊಟ್ಟಿದ್ದಾರಲ್ಲ" ಎಂದರು. ಸ್ವಲ್ಪ ಹೊತ್ತು ನೋಡಿ, "ಹೋಗಲಿ ಬಿಡು, ಗಂಡ ಪಕ್ಕದಲ್ಲೇ ಕೂತಿದ್ದಾನೆ. ನಮ್ಮೂರಲ್ಲಿ ಕುಡಿಯುವವನು ಎಲ್ಲಿ ಕೂತಿರುತ್ತಾನೆಂದು ಹುಡುಕುವುದೇ ಹೆಂಡತಿಯ ಕೆಲಸ" ಎಂದರು. ಈ ಜಾಹೀರಾತುಗಳ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಚುರುಕಾಗಿರಲಿಲ್ಲ.

ಕ್ಯಾಲಿಫೋರ್ನಿಯಾದವರು ಇನ್ನೊಂದು ಕೆಲಸ ಮಾಡಿದರು. 1938ರಲ್ಲಿ ವೈನ್ ಅಡ್ವೈಸರಿ ಬೋರ್ಡ್ ಕಟ್ಟಿಕೊಂಡು, ವೈನರಿಗಳೆಲ್ಲ ಗ್ಯಾಲನ್ ಲೆಕ್ಕದಲ್ಲಿ ತಮ್ಮ ಮೇಲೆ ತಾವೇ ವಂತಿಗೆ ಹಾಕಿಕೊಂಡು ದೇಶದ ದೊಡ್ಡ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಯಾವ ಕಂಪನಿಯ ಹೆಸರೂ ಇಲ್ಲ. ಯಾವ ವೈನನ್ನು ಯಾವುದರ ಜೊತೆಗೆ, ಎಷ್ಟು ತಣ್ಣಗೆ ಕೊಡಬೇಕು ಎಂಬ ತಿಳಿವಳಿಕೆ. ಬರೆದು ಕೇಳಿದವರಿಗೆ ಪುಸ್ತಿಕೆ. ನಿಷೇಧದ ಹದಿಮೂರು ವರ್ಷಗಳಲ್ಲಿ ದೇಶ ಮರೆತದ್ದನ್ನು ಮತ್ತೆ ಕಲಿಸುವ ಕೆಲಸ ಅದು. ಕುಡಿಯುವುದನ್ನು ಕಲಿಸಿದರು ಎಂದು ಬೈಯಬಹುದು. ಊಟದ ಜೊತೆ, ಮನೆಯವರ ಜೊತೆ, ಒಂದು ಗ್ಲಾಸು ಕುಡಿಯುವುದನ್ನು ಕಲಿಸಿದರು ಎಂದೂ ಹೇಳಬಹುದು. ನಾನು ಎರಡನೆಯ ಮಾತಿನ ಕಡೆಗೆ ವಾಲುತ್ತೇನೆ.

ಫ್ರಾನ್ಸಿನ ನೆರಳು ಮಾತ್ರ ಬೇಗ ಬಿಡಲಿಲ್ಲ. ಹ್ಯಾಮಂಡ್ಸ್‌ಪೋರ್ಟ್‌ನ ಗೋಲ್ಡ್ ಸೀಲ್ ವೈನರಿಗೆ 1934ರಲ್ಲಿ ಚಾರ್ಲ್ಸ್ ಫೂರ್ನಿಯೆ ಬಂದ. ಅವನು ಅದಕ್ಕೆ ಮೊದಲು ರೀಮ್ಸಿನಲ್ಲಿ, ನಿಜವಾದ ರೀಮ್ಸಿನಲ್ಲಿ, ವವ್ ಕ್ಲಿಕೋ ಶಾಂಪೇನಿನ ವೈನ್ ತಜ್ಞನಾಗಿದ್ದವನು. 1950ರ ಕ್ಯಾಲಿಫೋರ್ನಿಯಾ ರಾಜ್ಯ ಮೇಳ ಹೊರರಾಜ್ಯದ ವೈನುಗಳಿಗೂ ಬಾಗಿಲು ತೆರೆದಾಗ ಸ್ಪಾರ್ಕ್ಲಿಂಗ್ ವಿಭಾಗದ ಏಕೈಕ ಚಿನ್ನದ ಪದಕ ಹೋದದ್ದು ಅವನ ನ್ಯೂಯಾರ್ಕ್ ವೈನಿಗೆ. ಕ್ಯಾಲಿಫೋರ್ನಿಯಾದವರು ಮೇಳದ ಬಾಗಿಲನ್ನು ಮತ್ತೆ ಹಾಕಿಕೊಂಡರು. ಟಿವಿಯ ಕಾಲ ಬಂದ ಮೇಲೂ ರಾಗ ಬದಲಾಗಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಪಾಲ್ ಮ್ಯಾಸನ್ ಕಂಪನಿ ನಟ ಆರ್ಸನ್ ವೆಲ್ಸ್‌ನನ್ನು ಕೂರಿಸಿ ಹೇಳಿಸಿದ ಶಾಂಪೇನ್ ಜಾಹೀರಾತು ಶುರುವಾಗುವುದೇ ಫ್ರೆಂಚ್ ಶಾಂಪೇನಿನ ಹೊಗಳಿಕೆಯಿಂದ. ಆ ಚಿತ್ರೀಕರಣದ ಪೋಲಾದ ತುಣುಕುಗಳು ಇಂದಿಗೂ ಜನರ ಮೊಬೈಲುಗಳಲ್ಲಿ ಓಡಾಡುತ್ತಿವೆ. ಮಹಾನಟನ ನಾಲಿಗೆ ತೊದಲುತ್ತಿದೆ, ಪಕ್ಕದ ಕಲಾವಿದರು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಾರೆ. ಸರಕನ್ನು ಅವನು ಮನಸ್ಸಿಟ್ಟು ಸವಿದಿದ್ದನೆಂದು ಕಾಣುತ್ತದೆ.

ಸಂಕೋಚ ಬಿಟ್ಟದ್ದು ಯಾವಾಗ ಎಂದು ಕೇಳಿದರೆ 1972ರ ಕಡೆಗೆ ಬೆರಳು ತೋರಿಸುತ್ತೇನೆ. ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋದಾಗ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಜೊತೆ ಎತ್ತಿದ ಗ್ಲಾಸಿನಲ್ಲಿ ಇದ್ದದ್ದು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಶ್ರಾಮ್ಸ್‌ಬರ್ಗ್ ಎಂಬ ಗುಳ್ಳೆ ವೈನು. ಮರುವರ್ಷ ಫ್ರೆಂಚರ ಮೊವೆಟ್ ಹೆನ್ನೆಸಿ ಕಂಪನಿಯೇ ನಾಪಾದಲ್ಲಿ ಜಮೀನು ಕೊಂಡು ಶಾಂಡನ್ ಕಟ್ಟಿತು, ತನ್ನ ಸೀಸೆಯ ಮೇಲೆ ಶಾಂಪೇನ್ ಎಂದು ಬರೆಯದೆ ಸ್ಪಾರ್ಕ್ಲಿಂಗ್ ವೈನ್ ಎಂದಷ್ಟೇ ಬರೆಯಿತು. ಎರವಲು ವಿಳಾಸ ಹಾಕಿಕೊಂಡಿದ್ದವರ ಪಕ್ಕಕ್ಕೆ ಅಸಲು ವಿಳಾಸದವನೇ ಬಂದು ಬಾಡಿಗೆಗೆ ಇಳಿದಿದ್ದ.

ಅದೇ ಶಾಂಡನ್ 2013ರ ಹೊತ್ತಿಗೆ ನಾಸಿಕದ ದಿಂಡೋರಿಗೂ ಬಂತು. ನಮ್ಮ ದೇಶ ಅದಕ್ಕೂ ಮೊದಲೇ ಗುಳ್ಳೆ ವೈನು ಮಾಡುತ್ತಿತ್ತು. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲಿ ಶಾಂಪೇನ್ ಸೀಮೆಯ ತಜ್ಞರ ನೆರವಿನಿಂದ ಓಮರ್ ಖಯ್ಯಾಮ್ ಎಂಬ ಸ್ಪಾರ್ಕ್ಲಿಂಗ್ ವೈನ್ ತಯಾರಾಗಿ ಬ್ರಿಟನ್ನಿನ ಅಂಗಡಿಗಳಿಗೂ ಹೋಯಿತು. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಗ್ರೋವರ್ ವೈನರಿ ಶುರುವಾಯಿತು. ಆಮದು ವೈನಿನ ಮೇಲೆ ಬಹುಕಾಲ ಶೇ 150ರಷ್ಟು ಸೀಮಾ ಸುಂಕವಿತ್ತು. ಹ್ಯಾಮಂಡ್ಸ್‌ಪೋರ್ಟ್‌ನವರು ಅಷ್ಟು ಜೋರಾಗಿ ಸಾರಿದ ಅನುಕೂಲ ನಮ್ಮವರಿಗೆ ಇನ್ನೂ ಹೆಚ್ಚಾಗಿಯೇ ಇತ್ತು. ಸುಂಕವಿಲ್ಲ, ಆದ್ದರಿಂದ ಅಗ್ಗ, ಗುಣದಲ್ಲಿ ಕಡಿಮೆಯಿಲ್ಲ ಎಂದು ಒಂದು ಸಾಲು ಕನ್ನಡ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಮಾತ್ರ ದಾರಿಯಿರಲಿಲ್ಲ.

ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ನಡೆಯಿರಿ ಎನ್ನುತ್ತದೆ. ಕೇಬಲ್ ಟಿವಿ ನಿಯಮಗಳು ಮದ್ಯದ ಜಾಹೀರಾತಿಗೆ ಅವಕಾಶ ಕೊಡುವುದಿಲ್ಲ. ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳೂ ಬೇಡವೆನ್ನುತ್ತವೆ. ಇಷ್ಟೆಲ್ಲ ಇದ್ದೂ ವಿಸ್ಕಿಯ ಹೆಸರು ಗೊತ್ತಿಲ್ಲದ ಹತ್ತು ವರ್ಷದ ಹುಡುಗ ಬೆಂಗಳೂರಿನಲ್ಲಿ ಸಿಗುತ್ತಾನೆಯೇ? ಬ್ಯಾಗ್‌ಪೈಪರ್ ಹೆಸರಿನಲ್ಲಿ ಸೋಡಾ ಬಂತು, ಕಿಂಗ್‌ಫಿಷರ್ ಹೆಸರಿನಲ್ಲಿ ಕುಡಿಯುವ ನೀರು, ಕ್ಯಾಲೆಂಡರು, ವಿಮಾನ ಬಂದವು. 2008ರಲ್ಲಿ ನಮ್ಮ ನಗರದ ಹೆಸರನ್ನೇ ಒಂದು ವಿಸ್ಕಿಯ ಹೆಸರಿಗೆ ಜೋಡಿಸಿ ಕ್ರಿಕೆಟ್ ತಂಡ ಕಟ್ಟಿದರು. ಕಪ್ ನಮ್ದೇ ಎಂದು ನಾನೂ ಇಲ್ಲಿ ಬೆಳಗಿನ ಹೊತ್ತಿನಲ್ಲಿ ಕೂಗುತ್ತೇನೆ. ಆ ಕೂಗಿನಲ್ಲಿ ಅರ್ಧ ಪಾಲು ಜಾಹೀರಾತೆಂದು ಗೊತ್ತಿದ್ದೇ ಕೂಗುತ್ತೇನೆ.

ಈ ಮರೆಮಾಚಿನ ಜಾಹೀರಾತುಗಳಲ್ಲಿ ಮದ್ಯದ ಬಗ್ಗೆ ಒಂದಕ್ಷರವಿಲ್ಲ. ಧಾನ್ಯದ್ದೋ ಕಾಕಂಬಿಯದ್ದೋ, ಎಷ್ಟು ವರ್ಷದ್ದು, ಎಷ್ಟು ಕಟುವಾದದ್ದು ಎಂದು ಹೇಳುವಂತಿಲ್ಲ. ಹೇಳಿದರೆ ಕಾನೂನು ಮುರಿದ ಹಾಗೆ. ನಗುವ ನಟ, ಓಡುವ ಆಟಗಾರ, ಸಮುದ್ರ ದಂಡೆಯ ಹುಡುಗಿ ಇವರಿಗೆ ಅಡ್ಡಿಯಿಲ್ಲ. ನಿಷೇಧದ ಉದ್ದೇಶ ಯುವಕರನ್ನು ಆಕರ್ಷಣೆಯಿಂದ ದೂರವಿಡುವುದಾಗಿದ್ದರೆ ಬಲೆ ತಲೆಕೆಳಗಾಗಿ ಹೆಣೆದಂತಾಗಿದೆ. ದೊಡ್ಡ ವಿಸ್ಕಿ ಕಂಪನಿಗೆ ಸೋಡಾ, ತಂಡ, ವಿಮಾನ ಎಲ್ಲವನ್ನೂ ಕಟ್ಟುವ ಹಣವಿದೆ. ನಾಲ್ಕು ಎಕರೆ ದ್ರಾಕ್ಷಿಯ ಮೇಲೆ ಸಣ್ಣ ವೈನರಿ ಹಾಕಿದವನಿಗೆ ಒಂದು ಹಾಳೆಯ ಮೇಲೆ ತನ್ನ ಕೆಲಸ ವಿವರಿಸುವ ಹಾದಿಯೊಂದೇ ಇತ್ತು, ಅದಕ್ಕೂ ಬೇಲಿ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಗೆಳೆಯನ ನಿಶ್ಚಿತಾರ್ಥದ ಪಾರ್ಟಿಗೆಂದು ಅಂಗಡಿಗೆ ಹೋಗಿ ಅಲ್ಲಿಂದಲೇ ಫೋನ್ ಮಾಡಿದ್ದ. "ಮಾವ, ಇಲ್ಲಿ ಮೂರು ಥರ ಇವೆ. ಇದರಲ್ಲಿ ನಿಜವಾಗಿ ಹುದುಗಿದ್ದು ಯಾವುದು, ಬರೀ ಗ್ಯಾಸ್ ತುಂಬಿದ್ದು ಯಾವುದು?" ಅಂಗಡಿಯವನನ್ನು ಕೇಳು ಎಂದೆ. "ಕೇಳಿದೆ. ಇದು ಜಾಸ್ತಿ ಹೋಗುತ್ತೆ ಸರ್ ಎಂದ" ಎಂದ. ಎಂಜಿನಿಯರಿಂಗ್ ಓದಿದ ಹುಡುಗ, ಫೋನ್ ಕೊಳ್ಳುವ ಮೊದಲು ಹತ್ತು ಕಡೆ ಓದುವವನು. ಇಲ್ಲಿ ಮಾತ್ರ ಸೀಸೆಯ ಆಕಾರ ನೋಡಿ ಆರಿಸಬೇಕಾಯಿತು. ಶಾಂಪೇನ್ ಬಗ್ಗೆ ಅವನಿಗಿದ್ದ ತಿಳಿವಳಿಕೆಯೆಲ್ಲ ಗೆದ್ದ ಆಟಗಾರರು ಅದನ್ನು ಒಬ್ಬರ ಮೇಲೊಬ್ಬರು ಚಿಮ್ಮಿಸಿಕೊಳ್ಳುತ್ತಾರೆ ಎಂಬಷ್ಟೇ.

ವಿರೋಧದ ಮಾತು ನನಗೆ ಗೊತ್ತು, ಅದನ್ನು ಹಗುರವಾಗಿ ನೋಡುವುದೂ ಇಲ್ಲ. ಹಳ್ಳಿಗಳಲ್ಲಿ ಸಾರಾಯಿ ಅಂಗಡಿಯ ಮುಂದೆ ಕೂತು ಹೋರಾಡಿದ ಹೆಂಗಸರಿಗೆ ಹ್ಯಾಮಂಡ್ಸ್‌ಪೋರ್ಟ್‌ನ ಕಥೆ ಕಟ್ಟಿಕೊಂಡು ಏನಾಗಬೇಕು? ಕರ್ನಾಟಕ 2007ರ ಜುಲೈ 1ರಂದು ಸಾರಾಯಿಯನ್ನು ನಿಷೇಧಿಸಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ಬೆಳೆಗಾರರಿಗೆ ವೈನರಿಯ ದಾರಿ ತೋರಿಸಿದ್ದೂ ಅದೇ ವರ್ಷ. ಎರಡೂ ಒಂದೇ ಸರ್ಕಾರಿ ಮನಸ್ಸಿನಿಂದ ಬಂದವು: ಬಡವನ ಕುಡಿತ ಕೆಟ್ಟದ್ದು, ವೈನು ಕೃಷಿ. ಇದರಲ್ಲಿರುವ ಜಾತಿ ವರ್ಗಗಳ ವಾಸನೆ ಯಾರ ಮೂಗಿಗೂ ಬಡಿಯದೆ ಇರಲಾರದು. ಅಮೆರಿಕದ ಮುಕ್ತತೆಯೂ ಪುಕ್ಕಟೆಯಲ್ಲ. ಇಲ್ಲಿ ಸೂಪರ್ ಬೌಲ್ ಪಂದ್ಯ ನೋಡುವ ಮಗುವಿಗೆ ಬಿಯರ್ ಕಂಪನಿಗಳ ಕುದುರೆ, ನಾಯಿಮರಿಗಳೇ ನೆಂಟರು. ಎಪ್ಪತ್ತರ ದಶಕದ ಶುರುವಿನಲ್ಲಿ ಕೋಲ್ಡ್ ಡಕ್ ಎಂಬ ಸಿಹಿ ಗುಳ್ಳೆ ವೈನಿನ ಹುಚ್ಚು ಹಬ್ಬಿಸಿದ್ದು ಗುಣವಲ್ಲ, ಪ್ರಚಾರ.

ಹಾಗಾದರೆ ಎಲ್ಲಿ ಗೆರೆ ಎಳೆಯಬೇಕು? ಉತ್ತರ ಇರುವುದು ಈ ಅಮೆರಿಕನ್ನರು ನೂರು ವರ್ಷ ಅಸೂಯೆಪಟ್ಟ ಫ್ರಾನ್ಸಿನಲ್ಲೇ. 1991ರಲ್ಲಿ ಅಲ್ಲಿ ಎವ್ಯಾಂ ಕಾನೂನು ಬಂತು. ಟಿವಿಯಲ್ಲಿ ಮದ್ಯದ ಜಾಹೀರಾತಿಲ್ಲ, ಸಿನಿಮಾ ಮಂದಿರದಲ್ಲಿಲ್ಲ, ಆಟಗಳಿಗೆ ಪ್ರಾಯೋಜಕತ್ವವಿಲ್ಲ. ಮಕ್ಕಳ ಪತ್ರಿಕೆ ಬಿಟ್ಟು ಉಳಿದ ಅಚ್ಚಿನ ಪುಟಗಳಲ್ಲಿ ಅವಕಾಶವಿದೆ, ಆದರೆ ಹೇಳಬಹುದಾದದ್ದಕ್ಕೆ ಮಿತಿಯಿದೆ: ಎಷ್ಟು ಕಟುವಾದದ್ದು, ಯಾವ ಊರಿನದು, ಯಾರು ಮಾಡಿದ್ದು, ಹೇಗೆ ಮಾಡಿದ್ದು, ಹೇಗೆ ಬಡಿಸುವುದು. ಅತಿಯಾದ ಕುಡಿತ ಆರೋಗ್ಯಕ್ಕೆ ಅಪಾಯವೆಂಬ ಸಾಲು ಕಡ್ಡಾಯ. ಅರೆನಗ್ನ ಹುಡುಗಿಯರ ಕ್ಯಾಲೆಂಡರು ಈ ಜರಡಿಯಲ್ಲಿ ಉಳಿಯುವುದಿಲ್ಲ; ಕ್ರಿಕೆಟ್ ತಂಡವೂ ಉಳಿಯುವುದಿಲ್ಲ, ನನಗೆ ಎಷ್ಟೇ ಸಂಕಟವಾದರೂ. 1905ರ ಗ್ರೇಟ್ ವೆಸ್ಟರ್ನ್ ಹಾಳೆಯಲ್ಲಿ ಬಹುಪಾಲು ಉಳಿಯುತ್ತದೆ, ಎರವಲು ವಿಳಾಸವೊಂದನ್ನು ಬಿಟ್ಟು.

ನಮ್ಮಲ್ಲಿ ಸರ್ಕಾರವೇ ಭಾರತದಲ್ಲಿ ತಯಾರಾದ ವಿದೇಶಿ ಮದ್ಯ ಎಂಬ ವರ್ಗವನ್ನು ಕಡತದಲ್ಲಿ ಇಟ್ಟುಕೊಂಡಿದೆ. ರಾಜ್ಯದ ಪಾನೀಯ ನಿಗಮವೇ 2003ರಿಂದ ಸಗಟು ವ್ಯಾಪಾರಿ. ಅಬಕಾರಿ ಆದಾಯವಿಲ್ಲದೆ ಯಾವ ಮುಖ್ಯಮಂತ್ರಿಯ ಬಜೆಟ್ಟೂ ನಿಲ್ಲುವುದಿಲ್ಲ. ಇಷ್ಟು ಮಾರುವವರಿಗೆ ಇದು ಇಂಥ ತೋಟದ ಇಂಥ ಹಣ್ಣಿನದು ಎಂದು ಎರಡು ಸಾಲು ಅಚ್ಚಾದರೆ ಸಮಾಜ ಕೆಡುತ್ತದೆಂಬ ಚಿಂತೆ ಯಾಕೋ ನನಗೆ ತಿಳಿಯದು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಅದರ ಪರಿಮಳವನ್ನು ಅಮೆರಿಕದವರಂತೆ ಬಚ್ಚಿಡದೆ, ಇದು ಇದರ ಗುಣ ಎಂದು ಹೇಳಿ ಒಂದು ಗುಲಾಬಿ ಬಣ್ಣದ ಗುಳ್ಳೆ ವೈನು ಮಾಡಿದರೆ ಕೊಳ್ಳುವವರು ಇರುತ್ತಾರೆಂದು ನನ್ನ ನಂಬಿಕೆ.

ಇದನ್ನೆಲ್ಲ ಸೋದರಮಾವನಿಗೆ ಫೋನಿನಲ್ಲಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಫ್ರಾನ್ಸಿನವರ ಜಾಹೀರಾತಿನಲ್ಲಿ ಊರು ಹಾಕಬಹುದು, ಮಾಡಿದವನ ಹೆಸರು ಹಾಕಬಹುದು ಎಂದೆಯಲ್ಲ. ಹಣ್ಣಿಗೆ ಕಿಲೋಗೆ ಎಷ್ಟು ಕೊಟ್ಟರು ಎಂದು ಹಾಕುತ್ತಾರೋ?" ಎಂದು ಕೇಳಿದರು. ಇಲ್ಲ ಎಂದೆ. ಇಲ್ಲಿನ ಹಳೆಯ ಹಾಳೆಗಳಲ್ಲೂ ಅದಿಲ್ಲ. ಈ ಸೀಮೆಯ ಬೆಳೆಗಾರರು ದೊಡ್ಡ ವೈನರಿಗಳು ಹೇಳಿದ ದರಕ್ಕೆ ತಲೆಬಾಗುತ್ತಲೇ ಬಂದರು. 1976ರಲ್ಲಿ ನ್ಯೂಯಾರ್ಕ್ ರಾಜ್ಯ ಫಾರ್ಮ್ ವೈನರಿ ಕಾಯ್ದೆ ತಂದು, ಬೆಳೆದವನೇ ವೈನ್ ಮಾಡಿ ತೋಟದ ಬಾಗಿಲಲ್ಲೇ ಮಾರಲು ಬಿಟ್ಟ ಮೇಲೆ ಸ್ಥಿತಿ ಬದಲಾಯಿತು. ಇವತ್ತು ಸರೋವರಗಳ ದಂಡೆಯ ಉದ್ದಕ್ಕೂ ಅಂಥ ತೋಟಗಳ ಬೋರ್ಡುಗಳಿವೆ. ಅದನ್ನೂ ಮಾವನಿಗೆ ಹೇಳಿದೆ. "ಹಾಗಾದರೆ ನೀನು ಬರೆಯುವಾಗ ಜಾಹೀರಾತಿನ ಕಥೆ ಕಡಿಮೆ ಮಾಡಿ ಆ ಕಾಯ್ದೆಯ ಕಥೆ ಜಾಸ್ತಿ ಬರಿ" ಎಂದರು. ಅಷ್ಟು ಹೊತ್ತಿಗೆ ಇದನ್ನು ಬರೆದು ಮುಗಿಸಿದ್ದೆ.